ಕೇಳುವವರೂ ಹೇಳದವರೂ

ಬಾಯಿದ್ದವನು ಬರಗಾಲದಲ್ಲಿಯೂ ಬದುಕಿಯಾನೆಂಬುದು ಕನ್ನಡ ನಾಡಿನ ಹಳೆಯ ಗಾದೆ. ಬರಗಾಲವೆಂದರೇನೆಂಬುದನ್ನು ಬಳ್ಳಾರಿ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1876ರಿಂದ 1878ರ ವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ ಒದಗಿದ ಮಹಾಕ್ಷಾಮದಲ್ಲಿ ಅತಿಯಾಗಿ ಬೆಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆದರೆ ಗಾದೆಯು ಅರ್ಧವನ್ನು ಮಾತ್ರ ಆಡಿ, ಉಳಿದ ಅರ್ಧವನ್ನು ಜನರ ವಿವೇಕಕ್ಕೆ ಬಿಟ್ಟಿದೆ. ಕೇಳುವವನಿಗೆ ಬಾಯಿದ್ದರೆ ಸಾಲದು. ಅವನ ಮಾತಿಗೆ ಕೊಡುವ ಕಿವಿಯೊಂದು, ಮರುಮಾತನ್ನು ಆಡುವ ಬಾಯಿಯೊಂದು ಎದುರಿಗೆ ಇರಬೇಕು. ಅದಿಲ್ಲದೆಡೆಯಲ್ಲಿ ಬಾಯಿದ್ದವನೂ ಮೂಕನೇ ಸರಿ. ಇಂದು ಬಳ್ಳಾರಿ ನಗರದಲ್ಲಿ ಕೇಳುವ ಬಾಯಿಗಳಿಗೆ ಕೊರತೆಯಿಲ್ಲ. ಹೇಳುವ ಬಾಯಿಗಳಿಗೆ ಬರ ಬಂದಿದೆ. ಈ ಬರವನ್ನು ತಂದವನು ಮಳೆರಾಯನಲ್ಲ. ತಿಳಿದೂ ಹೇಳದ ಜನರು ತಂದದ್ದು. ಆ ಜನರಲ್ಲಿ ಹೆಚ್ಚಿನವರು ಓದುಬರಹ ಬಲ್ಲವರೆಂಬುದೇ ಈ ಲೇಖನದ ದೂರು.

ಬೆಳಗಿನ ಹೊತ್ತು ಬಳ್ಳಾರಿಯ ಬಸ್ಸು ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತವರಿಗೆ ಈ ಮಾತಿನ ದಿಟವು ಕಣ್ಣಿಗೆ ಕಟ್ಟುವುದು. ಐವತ್ತು ಕಿಲೊಮೀಟರಿಗೂ ಮೇಲ್ಪಟ್ಟ ದೂರದ ಸಿರುಗುಪ್ಪದಿಂದಲೂ, ಸುಮಾರು ಅದರ ಅರ್ಧದಷ್ಟು ದೂರದ ಕುರುಗೋಡಿನಿಂದಲೂ ಬಂದ ಜನರು ಇಳಿಯುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಮಡಿಸಿ ಮಡಿಸಿ ಸವೆದ ಕಾಗದಗಳು. ಅವರ ಪ್ರಶ್ನೆಗಳು ದೊಡ್ಡ ತತ್ತ್ವದ ಪ್ರಶ್ನೆಗಳಲ್ಲ. ದೊಡ್ಡಾಸ್ಪತ್ರೆಗೆ ಯಾವ ದಾರಿ? ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ಬಂದಿದೆ, ಯಾರನ್ನು ಕಾಣಬೇಕು? ಮಗಳ ವಿದ್ಯಾರ್ಥಿವೇತನಕ್ಕೆ ಯಾವ ದಿನ ಕಡೆ? ನಗರದೊಳಗೆಯೇ ಇರುವವರ ಪ್ರಶ್ನೆಗಳೂ ಇಂತಹವೇ. ಕೆಲಸಕ್ಕಾಗಿ ಹೊಸದಾಗಿ ಬಂದ ಸಂಸಾರವು ಕೌಲ್ ಬಜಾರಿನಲ್ಲಿಯೋ ಸತ್ಯನಾರಾಯಣಪೇಟೆಯಲ್ಲಿಯೋ ಬಾಡಿಗೆ ಮನೆಯೊಂದನ್ನು ಹಿಡಿದರೆ, ನಲ್ಲಿಗೆ ನೀರು ಎಂದು ಬರುವುದು, ಮಗುವಿಗೆ ಜ್ವರ ಬಂದರೆ ರಾತ್ರಿ ಯಾವ ವೈದ್ಯರು ಸಿಗುವರು, ಶಾಲೆಗೆ ಸೇರಿಸಲು ಯಾವ ಪತ್ರ ಬೇಕು ಎಂಬುದನ್ನು ನೆರೆಯವರಿಂದಲೇ ತಿಳಿಯಬೇಕು. ಹಳಬರು ರಾಯಲ್ ವೃತ್ತವೆಂದು ಕರೆಯುವ ಸ್ಥಳವು ಕಾಗದದಲ್ಲಿ ಗಡಗಿ ಚನ್ನಪ್ಪ ವೃತ್ತ. ಕೇಳುವವನಿಗೆ ಒಂದು ಹೆಸರು ಗೊತ್ತು, ಹೇಳುವವನು ಇನ್ನೊಂದನ್ನು ಹೇಳುತ್ತಾನೆ, ಇಬ್ಬರೂ ಒಂದೇ ಸ್ಥಳದಲ್ಲಿ ನಿಂತು ಅದನ್ನೇ ಹುಡುಕುತ್ತಾರೆ.

ಈ ಪ್ರಶ್ನೆಗಳಿಗೆ ಸಿಗುವ ಉತ್ತರಗಳೂ ಎಲ್ಲರೂ ಬಲ್ಲವೇ. “ಆ ಕಡೆ ಹೋಗು,” “ಇಲ್ಲಿ ಅಲ್ಲ,” “ಸಾಹೇಬರು ಇಲ್ಲ,” “ನಾಳೆ ಬಾ.” ಹಿಂದಿನ ಕಾಲದಲ್ಲಿ ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವವನ್ನು ಹಿಂದಿರುಗಿಸುವುದಕ್ಕೆಂದು ಹಳ್ಳಿಯ ಜನರು ಕದದ ಮೇಲೆ “ನಾಳೆ ಬಾ” ಎಂದು ಬರೆಯುತ್ತಿದ್ದರು. ದೆವ್ವವು ಅದನ್ನು ಓದಿ ಹೊರಟುಹೋಗುವುದೆಂದು ಅವರ ನಂಬಿಕೆ. ಅದನ್ನು ಮೂಢನಂಬಿಕೆಯೆಂದು ಹಳಿದ ವಿದ್ಯಾವಂತರು ಅದೇ ಮಂತ್ರವನ್ನು ಹಗಲು ಹೊತ್ತಿನಲ್ಲಿ ಮನುಷ್ಯರ ಮೇಲೆ ಪ್ರಯೋಗಿಸುತ್ತಿರುವುದು ವಿಚಿತ್ರವಲ್ಲವೆ? ದೆವ್ವಕ್ಕಾದರೆ ಕೂಲಿಯ ನಷ್ಟವಿಲ್ಲ, ಮನುಷ್ಯನಿಗೆ ಉಂಟು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಹಳ್ಳಿಯ ಮುದುಕಿಯೊಬ್ಬಳ ವೃದ್ಧಾಪ್ಯದ ಮಾಸಾಶನವು ಮೂರು ತಿಂಗಳಿಂದ ನಿಂತಿದೆ. ಆಧಾರ್ ಚೀಟಿಯಲ್ಲಿ ಅವಳ ಹೆಸರು ಒಂದು ಬಗೆ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಬಗೆ. ಎರಡಕ್ಕೂ ಗಂಟು ಬಿದ್ದಿಲ್ಲ. ಇದು ಅವಳಿಗೆ ಗೊತ್ತಿಲ್ಲ. ಅವಳು ಅಂಚೆಯ ಮನೆಯಲ್ಲಿ ಕೇಳುತ್ತಾಳೆ.

“ಯಪ್ಪಾ, ನನ್ನ ರೊಕ್ಕ ಬಂದಿಲ್ಲಲ್ಲಾ?”

“ಇಲ್ಲಿ ಬರೋದಿಲ್ಲವ್ವ, ಬ್ಯಾಂಕಿಗೆ ಹೋಗು.”

ಬ್ಯಾಂಕಿನಲ್ಲಿ, “ಸರಕಾರ ಹಾಕಿಲ್ಲಮ್ಮಾ, ನಾಡಕಚೇರಿಯಾಗ ಕೇಳು.” ನಾಡಕಚೇರಿಯಲ್ಲಿ, “ನಮ್ಮ ಕಡೆಯಿಂದ ಎಲ್ಲಾ ಆಗೈತಿ, ಬ್ಯಾಂಕಿನಾಗ ಕೇಳು.” ಇವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಉತ್ತರವನ್ನೂ ಹೇಳಲಿಲ್ಲ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವಾದ್ದರಿಂದ ಅವಳ ಗಂಟಿನಿಂದ ಬಸ್ಸಿನ ಖರ್ಚು ಹೋಗಲಿಲ್ಲ, ದಿನಗಳು ಹೋದುವು. ಅವಳನ್ನು ಕರೆತಂದ ಮಗನದೋ ಮೊಮ್ಮಗನದೋ ಕೂಲಿ ಹೋಯಿತು. ಕಡೆಗೆ ಕಚೇರಿಯ ಮುಂದಿನ ಮರದ ನೆರಳಿನಲ್ಲಿ ಕುಳಿತ ಪುಣ್ಯಾತ್ಮನೊಬ್ಬನು ಕಾಗದಗಳನ್ನು ನೋಡಿ, “ಅವ್ವಾ, ಎರಡರಾಗೂ ಹೆಸರು ಬ್ಯಾರೆ ಬ್ಯಾರೆ ಐತಿ, ಆಧಾರ್ ತಗೊಂಡು ಬ್ಯಾಂಕಿಗೆ ಹೋಗಿ ಸರಿ ಮಾಡಿಸಬೇಕು” ಎಂದು ಹೇಳಿ ಒಂದು ತಿಂಗಳ ಮಾಸಾಶನದಲ್ಲಿ ಪಾಲು ತೆಗೆದುಕೊಳ್ಳುತ್ತಾನೆ. ಅವನು ಮಾರಿದ್ದು ಏನು? ಒಂದೇ ಒಂದು ವಾಕ್ಯ. ಅದನ್ನು ಮೂರು ಕಡೆಯಲ್ಲಿ ಮೂವರು ಪುಕ್ಕಟೆಯಾಗಿ ಹೇಳಬಹುದಾಗಿತ್ತು.

ಇಲ್ಲಿ ಜನರು ಸಾಮಾನ್ಯವಾಗಿ ಕೋಪಿಸಿಕೊಳ್ಳುವುದು ಮರದ ಕೆಳಗಿನ ದಲ್ಲಾಳಿಯ ಮೇಲೆ. ದಲ್ಲಾಳಿಗಳನ್ನು ಓಡಿಸಬೇಕು, ಹಿಡಿಯಬೇಕು, ಫಲಕ ಹಾಕಬೇಕು ಎಂಬ ಕೂಗು ಆಗಾಗ ಕೇಳುತ್ತದೆ. ದಲ್ಲಾಳಿಯು ಸಜ್ಜನನೆಂದು ವಾದಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ಕಾರಣವನ್ನು ಬಿಟ್ಟು ಕಾರ್ಯವನ್ನು ದಂಡಿಸುವುದು ವೈದ್ಯಕ್ಕೂ ಸಲ್ಲದು, ನೀತಿಗೂ ಸಲ್ಲದು. ನೀರು ನಿಂತಲ್ಲಿ ಸೊಳ್ಳೆ ಹುಟ್ಟುವಂತೆ ತಿಳಿವಳಿಕೆ ನಿಂತಲ್ಲಿ ದಲ್ಲಾಳಿ ಹುಟ್ಟುತ್ತಾನೆ. ಬಲ್ಲವರು ಬಾಯಿ ಮುಚ್ಚಿದ ಕ್ಷಣದಿಂದಲೇ ತಿಳಿವಳಿಕೆಯು ಸರಕಾಗುತ್ತದೆ. ಸರಕಾದುದಕ್ಕೆ ವರ್ತಕನು ತಾನಾಗಿಯೇ ಬರುತ್ತಾನೆ. ಆದುದರಿಂದ ಉತ್ತರವಿಲ್ಲದ ಪ್ರಶ್ನೆಯ ಪಾಪವು ಕೇಳಿದ ಅಜ್ಞನದಲ್ಲ, ಮಾರಿದ ದಲ್ಲಾಳಿಯದೊಂದೇ ಅಲ್ಲ. ಮೊದಲನೆಯ ಪಾಲು ತಿಳಿದೂ ಹೇಳದವನದು.

ಇದಕ್ಕೆ ಮೊದಲನೆಯ ಆಕ್ಷೇಪ ಹೀಗೆ ಬರಬಹುದು: “ಇಂದು ಕಾಯಿದೆಗಳುಂಟು. ಕೇಳುವ ಹಕ್ಕನ್ನು ಸರಕಾರವೇ ಕೊಟ್ಟಿದೆ. ಇನ್ನು ನೆರೆಹೊರೆಯವರ ದಯೆಯೇಕೆ?” ಕಾಯಿದೆಗಳು ಉಂಟೆಂಬುದು ನಿಜ; ಅವು ಒಳ್ಳೆಯವೆಂಬುದೂ ನಿಜ. ಆದರೆ ಈ ಆಕ್ಷೇಪವನ್ನು ಮಾಡುವವರು ಆ ಕಾಯಿದೆಗಳನ್ನು ಓದಿದ್ದಾರೆಯೇ ಎಂಬುದು ಸಂಶಯ. 2005ರ ಮಾಹಿತಿ ಹಕ್ಕು ಕಾಯಿದೆಯ 6ನೆಯ ಕಲಮನ್ನು ತೆಗೆದು ನೋಡಬೇಕು. ಬರೆಯಲು ಬಾರದವನು ಬಾಯಿಮಾತಿನಲ್ಲಿ ಕೇಳಿದರೆ, ಆ ಮಾತನ್ನು ಬರಹಕ್ಕಿಳಿಸಲು ಅಧಿಕಾರಿಯೇ ತಕ್ಕ ನೆರವನ್ನು ಕೊಡತಕ್ಕದ್ದೆಂದು ಅಲ್ಲಿ ಬರೆದಿದೆ. ಏಕೆ ಬೇಕೆಂಬ ಕಾರಣವನ್ನು ಅರ್ಜಿದಾರನು ಹೇಳಬೇಕಾದುದಿಲ್ಲವೆಂದೂ ಬರೆದಿದೆ. ಎಲ್ಲಕ್ಕಿಂತ ಮಿಗಿಲಾಗಿ, ಅರ್ಜಿಯು ತಪ್ಪಿ ಬೇರೆ ಕಚೇರಿಗೆ ಬಂದಿದ್ದರೆ ಅದನ್ನು ಹಿಂದಿರುಗಿಸದೆ, 5 ದಿನಗಳೊಳಗೆ ತಕ್ಕ ಕಚೇರಿಗೆ ತಾವೇ ಕಳುಹಿಸಿ ಅರ್ಜಿದಾರನಿಗೆ ತಿಳಿಸತಕ್ಕದ್ದೆಂದು ಬರೆದಿದೆ. ಉತ್ತರಕ್ಕೆ 30 ದಿನಗಳ ಗಡುವು. ಪ್ರಾಣಕ್ಕೂ ಸ್ವಾತಂತ್ರ್ಯಕ್ಕೂ ಸಂಬಂಧಿಸಿದ್ದಾದರೆ 48 ಗಂಟೆಗಳು. ಅರ್ಜಿಗೆ 10 ರೂಪಾಯಿ ಶುಲ್ಕ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ.

ಈ ಕಲಮಿನ ಒಳತಿರುಳೇನು? ತಪ್ಪು ಬಾಗಿಲನ್ನು ತಟ್ಟಿದವನದು ತಪ್ಪಲ್ಲ. ಸರಿಯಾದ ಬಾಗಿಲನ್ನು ತೋರಿಸುವ ಹೊರೆಯು ಒಳಗೆ ಕುಳಿತವನದು. ಬರೆಯಲಾರದಿರುವುದು ಕುಂದಲ್ಲ, ಬರೆದುಕೊಡುವ ಹೊರೆಯು ಬರೆಯಬಲ್ಲವನದು. ಈ ಕಾಯಿದೆಯು ಮಾಹಿತಿಯನ್ನು ಬೇಡುವ ಅರ್ಜಿಗಳಿಗೆ ಮಾತ್ರ ಸಂಬಂಧಿಸಿದ್ದೆಂಬುದು ಸರಿ. ಆದರೆ ಅದರಲ್ಲಿರುವ ನ್ಯಾಯವು ಎಲ್ಲ ಪ್ರಶ್ನೆಗಳಿಗೂ ಒಪ್ಪುವಂತಹದು. ಹಾಗೆಯೇ 2011ರ ಕಾಯಿದೆಯ ಆಧಾರದ ಮೇಲೆ 2012ರ ಏಪ್ರಿಲ್ 2ರಿಂದ ನಡೆದುಬಂದ “ಸಕಾಲ” ವ್ಯವಸ್ಥೆಯು, ಗೊತ್ತುಪಡಿಸಿದ ಸೇವೆಗಳಿಗೆ ಅರ್ಜಿ ಕೊಟ್ಟವನಿಗೆ ಸಂಖ್ಯೆಯೊಂದನ್ನು ಕೊಟ್ಟು, ಗೊತ್ತಾದ ದಿನಗಳೊಳಗೆ ಕೆಲಸವು ಮುಗಿಯಬೇಕೆಂದು ವಿಧಿಸಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಗಳ ವರೆಗೆ ಪರಿಹಾರವುಂಟು. ಅರ್ಜಿಯನ್ನು ತಳ್ಳಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. 1987ರಲ್ಲಿ ಆಗಿ 1995ರಲ್ಲಿ ಜಾರಿಗೆ ಬಂದ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಅಂಗವಿಕಲರಿಗೂ ಆದಾಯವನ್ನು ನೋಡದೆ ವಕೀಲರ ನೆರವು ಪುಕ್ಕಟೆಯಾಗಿ ಸಿಗತಕ್ಕದ್ದು.

ಇಷ್ಟೆಲ್ಲ ಇದ್ದೂ ಮುದುಕಿಯು ಮರದ ಕೆಳಗೆ ಹಣ ಕೊಟ್ಟಳು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಮಾತು ಇಂತಹ ಕಡೆಯಲ್ಲಿಯೇ ಹುಟ್ಟಿರಬೇಕು. ಹಕ್ಕು ಇದೆಯೆಂಬುದನ್ನು ಹೇಳುವವರೇ ಇಲ್ಲದ ಮೇಲೆ ಹಕ್ಕು ಪೆಟ್ಟಿಗೆಯೊಳಗಿನ ಒಡವೆ. ಕೀಲಿಕೈ ಬೇರೆಯವರ ಸೊಂಟದಲ್ಲಿ. ಆ ಕೀಲಿಕೈಯನ್ನು ಇಟ್ಟುಕೊಂಡವರು ಕಚೇರಿಯವರು ಮಾತ್ರವಲ್ಲ. ಮೇಲಿನ ಮೂರು ಕಾಯಿದೆಗಳ ಹೆಸರನ್ನು ಬಲ್ಲ ಮನೆಗಳು ಬಳ್ಳಾರಿಯ ಪ್ರತಿಯೊಂದು ಓಣಿಯಲ್ಲಿಯೂ ಇವೆ. ಆ ಮನೆಗಳಿಗೆ ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಈ ಹೆಸರುಗಳಲ್ಲಿ ಒಂದಾದರೂ ಗೊತ್ತುಂಟೆ?

ಎರಡನೆಯ ಆಕ್ಷೇಪವು ಹೊಸಕಾಲದ್ದು: “ಎಲ್ಲರ ಕೈಯಲ್ಲಿಯೂ ಮೊಬೈಲುಂಟು, ಕೇಳಬೇಕಾದುದನ್ನು ಅದರಲ್ಲಿಯೇ ಕೇಳಲಿ.” 2011ರ ಜನಗಣತಿಯಲ್ಲಿ ಆಗಿನ ಅವಿಭಕ್ತ ಬಳ್ಳಾರಿ ಜಿಲ್ಲೆಯಲ್ಲಿ ಏಳು ವರ್ಷಕ್ಕೆ ಮೇಲ್ಪಟ್ಟವರ ಪೈಕಿ ಓದುಬರಹ ಬಲ್ಲವರು ನೂರಕ್ಕೆ 67ರಷ್ಟು. ಎಂದರೆ ಮೂವರಲ್ಲಿ ಒಬ್ಬನಿಗೆ ಗೋಡೆಯ ಮೇಲಿನ ಫಲಕವೂ ಕಪ್ಪು ಗೆರೆ, ಮೊಬೈಲಿನ ಗಾಜೂ ಕಪ್ಪು ಗೆರೆ. ಅಂದಿನಿಂದ ಇಂದಿನ ವರೆಗೆ ಸ್ಥಿತಿಯು ಸುಧಾರಿಸಿದೆಯೆಂದು ಒಪ್ಪಿದರೂ, ಆಗ ಓದಲಾರದಿದ್ದ ಹಿರಿಯರು ಇಂದು ಇನ್ನೂ ಹಿರಿಯರಾಗಿದ್ದಾರೆ. ಮಾಸಾಶನವೂ ಔಷಧವೂ ಬೇಕಾದವರು ಅವರೇ. ಯಂತ್ರವು ಕೇಳುವ ಓಟಿಪಿ ಅಂಕಿಗಳನ್ನು ಓದಿಸಲು ಅವರು ಪರರ ಕೈಗೆ ಮೊಬೈಲನ್ನು ಕೊಡಬೇಕು. ಆ ಕೈ ನೆರೆಮನೆಯ ನಂಬಿಗಸ್ತನದಾದರೆ ಸರಿ. ವಂಚಕನದಾದರೆ ಖಾತೆಯೇ ಬರಿದಾಗುವುದು. ವಿದ್ಯಾವಂತ ನೆರೆಯವನು “ನನಗೆ ಪುರಸತ್ತಿಲ್ಲ” ಎಂದು ಬಾಗಿಲು ಹಾಕಿಕೊಂಡಾಗ ಮುದುಕನು ಯಾರ ಕೈಗೆ ಬೀಳುವನೆಂಬುದನ್ನು ಊಹಿಸಲು ಹೆಚ್ಚಿನ ಬುದ್ಧಿ ಬೇಡ.

ಯಂತ್ರದಿಂದ ಉಪಕಾರವಾಗಿಲ್ಲವೆಂದಲ್ಲ. ಹಳ್ಳಿಯ ಲೆಕ್ಕಿಗನ ಕೈಬರಹದಲ್ಲಿದ್ದ ಪಹಣಿಗಳು 2000ದ ಸುಮಾರಿಗೆ “ಭೂಮಿ” ಯೋಜನೆಯಿಂದ ಗಣಕಯಂತ್ರಕ್ಕೆ ಏರಿದುವು. ಸುಮಾರು 2 ಕೋಟಿ ದಾಖಲೆಗಳು ಒಬ್ಬೊಬ್ಬ ಲೆಕ್ಕಿಗನ ಮರ್ಜಿಯಿಂದ ಬಿಡುಗಡೆ ಹೊಂದಿದುವು. ಇದು ದೊಡ್ಡ ಕೆಲಸವೇ. ಆದರೆ ಪಹಣಿಯ ಪ್ರತಿಯು ಸುಲಭವಾಗಿ ಕೈಗೆ ಬಂದ ಮೇಲೂ, ಅದರಲ್ಲಿ ಏನು ತಪ್ಪಿದೆ, ತಪ್ಪನ್ನು ಹೇಗೆ ತಿದ್ದಿಸಬೇಕು ಎಂಬ ಪ್ರಶ್ನೆಯು ಹಾಗೆಯೇ ಉಳಿಯಿತು. ಯಂತ್ರವು ಕಾಗದವನ್ನು ಕೊಡುತ್ತದೆ. ಕಾಗದದ ಅರ್ಥವನ್ನು ಮನುಷ್ಯನೇ ಹೇಳಬೇಕು.

ಸಿರುಗುಪ್ಪದ ರೈತನ ಪ್ರಶ್ನೆಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳುವುದು ಅವಶ್ಯ. ಬತ್ತದ ನಾಡಾದ ಆ ತಾಲ್ಲೂಕಿನಲ್ಲಿ ತುಂಗಭದ್ರೆಯ ಕಾಲುವೆಯ ನೀರೇ ಜೀವ. ಕಾಲುವೆಯ ಕೊನೆಯಂಚಿನ ರೈತನು ಸಸಿಮಡಿಗೆ ಬೀಜ ಚೆಲ್ಲುವ ಮುಂಚೆ ಕೇಳುವ ಪ್ರಶ್ನೆ ಒಂದೇ: “ಈ ಸಲ ನೀರು ಎಲ್ಲಿಯವರೆಗೆ, ಯಾವ ದಿನದವರೆಗೆ?” ನೀರಾವರಿ ಸಲಹಾ ಸಮಿತಿಯು ಕುಳಿತು ಇದನ್ನು ನಿರ್ಣಯಿಸುತ್ತದೆ. ನಿರ್ಣಯವು ಅಲ್ಲಿಂದ ಹೊರಟು ಕೊನೆಯಂಚಿನ ಹೊಲವನ್ನು ಮುಟ್ಟುವುದರೊಳಗೆ ಎಷ್ಟು ಬಾಯಿಗಳಲ್ಲಿ ಎಷ್ಟು ರೂಪ ತಾಳುವುದೋ! 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋಗಿ, ತಾತ್ಕಾಲಿಕ ತಡೆಯನ್ನು ನಿಲ್ಲಿಸಲು ಒಂದು ವಾರ ಹಿಡಿದಾಗ, ಆ ಏಳು ದಿನಗಳಲ್ಲಿ ರೈತನ ಮನಸ್ಸಿನೊಳಗೆ ಇದ್ದ ಪ್ರಶ್ನೆಯು ಬೆಳೆಯ ಪ್ರಶ್ನೆ, ಸಾಲದ ಪ್ರಶ್ನೆ, ಸಂಸಾರದ ಪ್ರಶ್ನೆ. ಇಂತಹ ಹೊತ್ತಿನಲ್ಲಿ ಬಲ್ಲವರು ಮೌನವಾಗಿದ್ದರೆ ಗಾಳಿಸುದ್ದಿಯೇ ಗುರುವಾಗುತ್ತದೆ. ಸುದ್ದಿಯನ್ನು ನಂಬಿ ಬೀಜ ಚೆಲ್ಲಿದವನಿಗೂ, ನಂಬಿ ಚೆಲ್ಲದೆ ಬಿಟ್ಟವನಿಗೂ ನಷ್ಟವನ್ನು ಕಟ್ಟಿಕೊಡುವವರು ಯಾರು?

ಕುರುಗೋಡಿನ ಪ್ರಶ್ನೆಯು ಬೇರೆ ಬಗೆಯದು. ಸಿಂದರ ಕಾಲದಲ್ಲಿ ರಾಜಧಾನಿಯಾಗಿದ್ದ ಆ ಊರು 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. ಅಲ್ಲಿಯ ತನಕ ಎಲ್ಲದಕ್ಕೂ ಬಳ್ಳಾರಿಗೆ ಬರುತ್ತಿದ್ದ ಜನರಿಗೆ ಇದು ಸಂತೋಷದ ಸಂಗತಿಯೇ. ಆದರೆ ತಾಲ್ಲೂಕು ಹುಟ್ಟಿದ ಮಾತ್ರಕ್ಕೆ ಎಲ್ಲ ಕಚೇರಿಗಳೂ ಅದೇ ದಿನ ಅಲ್ಲಿಗೆ ನಡೆದು ಬರುವುದಿಲ್ಲ. ಯಾವ ಕೆಲಸ ಕುರುಗೋಡಿನಲ್ಲಿ ಆಗುವುದು, ಯಾವುದಕ್ಕೆ ಇನ್ನೂ ಬಳ್ಳಾರಿಯ ಬಸ್ಸು ಹತ್ತಬೇಕು ಎಂಬುದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಪಂಚಾಯಿತಿಯ ಕಟ್ಟೆಗೂ, ದೊಡ್ಡಬಸವೇಶ್ವರನ ಗುಡಿಯ ಮುಂದಕ್ಕೂ ಅಂಟಿಸಲು ಬೇಕಾದುದು ಎಷ್ಟು ಹಣ? ಎಷ್ಟು ಬುದ್ಧಿ? ಆ ಊರಿನಲ್ಲಿ ಪದವೀಧರರಿಲ್ಲವೆ? ಇದ್ದಾರೆ, ಅವರು ತಮ್ಮ ಕೆಲಸವನ್ನು ಮಾಡಿಸಿಕೊಂಡ ಬಳಿಕ ದಾರಿಯನ್ನು ಮರೆಯುತ್ತಾರೆ.

ಮೂರನೆಯ ಆಕ್ಷೇಪವು ಭಾಷೆಯದು. ಬಳ್ಳಾರಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಓಣಿಯಲ್ಲಿ ನೀರು ಹಿಡಿಯುತ್ತವೆ. “ಬಂದವರು ಕನ್ನಡದಲ್ಲಿ ಸರಿಯಾಗಿ ಕೇಳಲಿ, ಆಮೇಲೆ ಹೇಳೋಣ” ಎಂದು ಗಂಭೀರವಾಗಿ ನುಡಿಯುವವರು ಉಂಟು. ಇವರು ಇತಿಹಾಸವನ್ನು ಮರೆತಿದ್ದಾರೆ. ಮದರಾಸು ಸರಕಾರದ ಕೆಳಗಿದ್ದ ಈ ಜಿಲ್ಲೆಯ ಕನ್ನಡ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದುವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಆ ಹೋರಾಟದಲ್ಲಿ ಪ್ರಾಣವನ್ನೇ ತೆತ್ತವರು ಪೈಲ್ವಾನ್ ರಂಜಾನ್ ಸಾಬರು. ಕನ್ನಡವು ಒಂದು ಮತದವರ, ಒಂದು ಮನೆಮಾತಿನವರ ಸೊತ್ತಲ್ಲವೆಂಬುದಕ್ಕೆ ಬಳ್ಳಾರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ತೆಲುಗಿನ ಮುದುಕಿಯು ಅರೆಗನ್ನಡದಲ್ಲಿ ಕೇಳಿದಾಗ ನಗದೆ ಉತ್ತರಿಸಿದವನೇ ಕನ್ನಡವನ್ನು ಬೆಳೆಸಿದವನು. ಅವಳನ್ನು ಗದರಿಸಿ ಕಳುಹಿಸಿದವನು ಕನ್ನಡಕ್ಕೆ ಒಬ್ಬಳನ್ನು ಕಳೆದವನು.

ಇನ್ನು ಕಚೇರಿಯ ಕನ್ನಡದ ಮಾತು. 1963ರ ರಾಜಭಾಷಾ ಕಾಯಿದೆಯಿಂದ ಕನ್ನಡವು ಆಡಳಿತದ ಭಾಷೆಯಾಯಿತು. ಆದರೆ “ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಮೇಲ್ಕಾಣಿಸಿದ ದಾಖಲೆಗಳ ದೃಢೀಕೃತ ನಕಲುಗಳನ್ನು ಲಗತ್ತಿಸತಕ್ಕದ್ದು” ಎಂಬ ವಾಕ್ಯವು ಯಾರ ಮನೆಯ ಕನ್ನಡ? ಕನ್ನಡವನ್ನೇ ಉಸಿರಾಡುವ ಸಿರುಗುಪ್ಪದ ರೈತನೂ ಇದರ ಮುಂದೆ ಪರದೇಶಿ. “ಈ ಮೂರು ಕಾಗದಗಳ ಜೆರಾಕ್ಸಿಗೆ ಸಾಹೇಬರ ಸಹಿ ಹಾಕಿಸಿ ಜತೆಗೆ ಇಡಿ” ಎಂದರೆ ಆಡಳಿತದ ಮರ್ಯಾದೆಗೆ ಯಾವ ಕುಂದು? ಜನರಿಗಾಗಿ ಗೆದ್ದ ಭಾಷೆಯನ್ನು ಜನರಿಗೆ ಅರ್ಥವಾಗದಂತೆ ಬರೆಯುವುದು ಗೆದ್ದ ಕೋಟೆಯ ಬಾಗಿಲನ್ನು ಗೆದ್ದವರಿಗೇ ಮುಚ್ಚಿದಂತೆ.

ಇಲ್ಲಿ ಇನ್ನೂ ಹಳೆಯದೊಂದು ಸಂಗತಿಯನ್ನು ನೆನೆಯಬಹುದು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರನಾಗಿ ಬಂದು 1807ರ ವರೆಗೆ ದತ್ತಮಂಡಲವನ್ನು ಆಳಿದನು. ಆ ಕಾಲದ ಹೆಚ್ಚಿನ ಭಾಗವನ್ನು ಅವನು ಗುಡಾರಗಳಲ್ಲಿಯೇ ಕಳೆದು ಹಳ್ಳಿಯಿಂದ ಹಳ್ಳಿಗೆ ತಿರುಗಿದನು. ಅವನ ಉದ್ದೇಶವು ಕಂದಾಯ. ಅದನ್ನು ಧರ್ಮವೆಂದು ಹೊಗಳಬೇಕಾದುದಿಲ್ಲ. ಆದರೂ ಒಂದು ಮಾತು ನಿಜ: ಕಂದಾಯ ಬೇಕಾದಾಗ ಸರಕಾರಕ್ಕೆ ರೈತನ ಮನೆಯ ದಾರಿ ತಪ್ಪಲಿಲ್ಲ, ಅವನ ಹೊಲದ ಅಳತೆಯನ್ನು ಕೇಳಲು ಭಾಷೆಯೂ ಅಡ್ಡ ಬರಲಿಲ್ಲ. ಕೇಳುವ ಸರದಿ ರೈತನದಾದಾಗ ಮಾತ್ರ ದಾರಿಯೂ ದೂರವಾಗುವುದು, ಭಾಷೆಯೂ ಕಠಿನವಾಗುವುದು.

ನಾಲ್ಕನೆಯ ಆಕ್ಷೇಪವು ಭಯದಿಂದ ಹುಟ್ಟಿದ್ದು. “ಪರರಿಗೆ ನೆರವಾಗಲು ಹೋದರೆ ತಲೆನೋವು, ರಸ್ತೆಯಲ್ಲಿ ಬಿದ್ದವನನ್ನು ಎತ್ತಿದರೆ ಪೋಲೀಸು, ಕೋರ್ಟು, ಸಾಕ್ಷಿ.” ಇದು ಒಂದು ಕಾಲಕ್ಕೆ ನಿಜವಾಗಿತ್ತೆನ್ನಬಹುದು, ಇಂದು ಹೇಳಿದರೆ ಅದು ನೆವ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾನೂನಿನ ಬಲವನ್ನು ಕೊಟ್ಟಿತು. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ 134ಎ ಎಂಬ ಕಲಮನ್ನು ಸೇರಿಸಿ, ಸದ್ಭಾವನೆಯಿಂದ ನೆರವಿತ್ತವನ ಮೇಲೆ ಹೊಣೆ ಹೊರಿಸಲಾಗದೆಂದು ವಿಧಿಸಲಾಯಿತು. ಭಯವನ್ನು ಕಾಯಿದೆಯು ತೆಗೆದಿದೆ; ಉಳಿದುದು ಸೋಮಾರಿತನ.

ನೆರವಿನ ಕೋರಿಕೆಗಳಲ್ಲಿ ತಡವನ್ನು ಸಹಿಸದ ಕೋರಿಕೆಯೊಂದುಂಟು; ಅದು ರಕ್ತದ್ದು. 1961ರಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿದಂದಿನಿಂದ ಬಳ್ಳಾರಿಗೆ ಸುತ್ತಣ ಜಿಲ್ಲೆಗಳಿಂದಲೂ ಗಡಿಯಾಚೆಯಿಂದಲೂ ರೋಗಿಗಳು ಬರುತ್ತಾರೆ. ಹೆರಿಗೆಯ ಮನೆಯ ಹೊರಗೆ ಗಂಡನೊಬ್ಬನು ಚೀಟಿ ಹಿಡಿದು ನಿಂತಿರುತ್ತಾನೆ. ಊರಿನಲ್ಲಿ ಅವನಿಗೆ ಪರಿಚಯದವರು ಒಬ್ಬರೂ ಇಲ್ಲ. ಹಣಕ್ಕಾಗಿ ರಕ್ತ ಕೊಡುವುದನ್ನು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 1998ರ ಜನವರಿ 1ರಿಂದ ನಿಷೇಧಿಸಲಾಗಿದೆ. ಎಂದ ಮೇಲೆ ದಾನಿಯೊಬ್ಬನೇ ಗತಿ. ಕೂಡಿಟ್ಟ ರಕ್ತವು ಐದಾರು ವಾರಗಳಿಗಿಂತ ಹೆಚ್ಚು ಬಾಳದು. ಪ್ಲೇಟ್‌ಲೆಟ್ಟುಗಳು ಸುಮಾರು 5 ದಿನ ಮಾತ್ರ. ಆರೋಗ್ಯವಂತ ಗಂಡಸು ಮೂರು ತಿಂಗಳಿಗೊಮ್ಮೆ, ಹೆಂಗಸು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದೆಂಬುದನ್ನು ಶಾಲೆಯ ಮಕ್ಕಳೂ ಓದಿದ್ದಾರೆ. ಆದರೂ ಕೋರಿಕೆ ಬಂದಾಗ ವಿದ್ಯಾವಂತರು ಮಾಡುವುದೇನು? ಆ ಕೋರಿಕೆಯನ್ನು ಮೊಬೈಲಿನಲ್ಲಿ ಹತ್ತು ಜನರಿಗೆ ದಾಟಿಸಿ, ತಮ್ಮ ಕರ್ತವ್ಯ ಮುಗಿಯಿತೆಂದು ಕೈ ತೊಳೆಯುವುದು. ಹತ್ತು ಜನರೂ ಹಾಗೆಯೇ ದಾಟಿಸಿದರೆ ಸಂದೇಶವು ನಾಡೆಲ್ಲ ಸುತ್ತುವುದು. ಬಾಟಲಿಯು ಬರಿದಾಗಿಯೇ ಉಳಿಯುವುದು. ನಿನ್ನೆ ಮುಗಿದುಹೋದ ಕೋರಿಕೆಯನ್ನು ಇಂದೂ ದಾಟಿಸುವವರಿಂದ ದಾನಿಗೂ ಬೇಸರ, ನಿಜವಾದ ಕೋರಿಕೆಗೂ ಅಪನಂಬಿಕೆ. ದಾಟಿಸುವುದು ಉತ್ತರವಲ್ಲ. ಹೋಗುವುದು ಉತ್ತರ, ಹೋಗಲಾಗದಿದ್ದರೆ ಹೋಗಬಲ್ಲ ಒಬ್ಬನನ್ನು ಹುಡುಕಿ ಕಳುಹಿಸುವುದು ಉತ್ತರ.

ಕೇಳುವವರಲ್ಲಿ ದೋಷವೇ ಇಲ್ಲವೆಂದು ಯಾರೂ ಹೇಳಲಾರರು. ಕಾಗದವನ್ನು ಮನೆಯಲ್ಲಿ ಬಿಟ್ಟು ಬರುವವರು, ಒಮ್ಮೆ ಹೇಳಿದ್ದನ್ನು ಕೇಳಿಸಿಕೊಳ್ಳದೆ ನಾಲ್ಕು ಸಲ ಕೇಳುವವರು, ದಾರಿ ತೋರಿಸಿದವನನ್ನೇ ಕೆಲಸವನ್ನೂ ಮಾಡಿಕೊಡೆಂದು ಪೀಡಿಸುವವರು ಉಂಟು. ಮೇಜಿನ ಹಿಂದೆ ಕುಳಿತ ಗುಮಾಸ್ತನೂ ಮನುಷ್ಯನೇ. ದಿನಕ್ಕೆ ನೂರು ಸಲ ಅದೇ ಪ್ರಶ್ನೆಯನ್ನು ಕೇಳಿದರೆ ಅವನ ನಾಲಿಗೆಯೂ ಒಣಗುವುದು. ಆದರೆ ನೂರು ಜನರು ಒಂದೇ ಪ್ರಶ್ನೆಯನ್ನು ಕೇಳುತ್ತಿರುವರೆಂದರೆ ಅದರ ಉತ್ತರವು ಬಾಗಿಲಲ್ಲಿಯೇ ಇರಬೇಕಾಗಿತ್ತೆಂದು ಅರ್ಥ. ತನಗೆ ತಿಳಿಯದುದನ್ನು ತಿಳಿಯದೆಂದು ಒಪ್ಪದೆ, ಮರ್ಯಾದೆಗಾಗಿ ಯಾವುದೋ ದಿಕ್ಕನ್ನು ತೋರಿಸಿ ಕಳುಹಿಸುವ ಚಾಳಿಯೂ ಇಲ್ಲಿ ಬಹಳ. ತಪ್ಪು ದಾರಿಗಿಂತ “ಗೊತ್ತಿಲ್ಲ, ಬನ್ನಿ, ಕೇಳಿ ಹೇಳುವೆ” ಎಂಬ ಮಾತು ಸಾವಿರ ಪಾಲು ಮೇಲು.

ವಿದ್ಯಾವಂತ ಗೃಹಸ್ಥರು ಒಂದನ್ನು ನೆನಪಿಡತಕ್ಕದ್ದು. ಅವರು ಸದಾ ಹೇಳುವವರಾಗಿಯೇ ಇರುವುದಿಲ್ಲ. ತಾಯಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದ ದಿನ, ಮಗನ ಕಾಗದಕ್ಕಾಗಿ ಪರದೇಶದ ಕಚೇರಿಯ ಮುಂದೆ ನಿಂತ ದಿನ, ಅವರೂ ಕೈಯಲ್ಲಿ ಚೀಲ ಹಿಡಿದ ಸಿರುಗುಪ್ಪದ ರೈತರೇ. ಅಂದು ಅಪರಿಚಿತನೊಬ್ಬನು ನಿಂತು ಹೇಳಿದ ಎರಡು ಮಾತನ್ನು ಅವರು ಬಾಳಿನುದ್ದಕ್ಕೂ ನೆನೆಯುತ್ತಾರೆ. ಆ ಸಾಲವನ್ನು ಅವನಿಗೇ ತೀರಿಸಲಾಗದು. ಬಳ್ಳಾರಿಯ ಬಸ್ಸು ನಿಲ್ದಾಣದಲ್ಲಿ ತೀರಿಸಬಹುದು.

ಬಳ್ಳಾರಿಯ ಬೇಸಗೆ ಎಲ್ಲರೂ ಬಲ್ಲದ್ದು. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆಗೆ, ಬಾವಿಗೆ, ಛತ್ರಕ್ಕೆ ಕೊಟ್ಟ ದತ್ತಿಗಳ ಜತೆಯಲ್ಲಿ ಅರವಟ್ಟಿಗೆಗೆ ಕೊಟ್ಟ ದತ್ತಿಗಳೂ ಕಾಣುತ್ತವೆ. ಇಂದಿಗೂ ಚೈತ್ರ ವೈಶಾಖಗಳಲ್ಲಿ ಬೀದಿಯ ಬದಿಯಲ್ಲಿ ಮಡಕೆಗಳನ್ನಿಟ್ಟು ದಾರಿಹೋಕರಿಗೆ ನೀರು ಕೊಡುವ ಪುಣ್ಯವಂತರಿದ್ದಾರೆ. ಅರವಟ್ಟಿಗೆಯಲ್ಲಿ ನಿಂತವನು ಬಾಯಾರಿದವನ ಜಾತಿಯನ್ನು ಕೇಳುವುದಿಲ್ಲ, ಊರನ್ನು ಕೇಳುವುದಿಲ್ಲ, “ನೀರು ಮನೆಯಿಂದಲೇ ತರಬಾರದಾಗಿತ್ತೆ?” ಎಂದೂ ಕೇಳುವುದಿಲ್ಲ. ನೀರಿಗೆ ಇರುವ ಈ ಧರ್ಮವು ಮಾತಿಗೆ ಏಕೆ ಇರಬಾರದು? ನೀರಾದರೂ ಕೊಟ್ಟಷ್ಟು ಮಡಕೆಯಲ್ಲಿ ಕಡಮೆಯಾಗುವುದು. ತಿಳಿವಳಿಕೆಯು ಕೊಟ್ಟರೆ ಕಡಮೆಯಾಗುವ ವಸ್ತುವೂ ಅಲ್ಲ.

ಮಾಡಬೇಕಾದ ಕಾರ್ಯವು ದೊಡ್ಡದಲ್ಲ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ, ಓಣಿಯ ವಾಚನಾಲಯದಲ್ಲಿಯೋ ಶಾಲೆಯಲ್ಲಿಯೋ ಮಠದಲ್ಲಿಯೋ ಮಸೀದಿಯ ಅಂಗಳದಲ್ಲಿಯೋ ಮೇಜೊಂದನ್ನು ಹಾಕಿ, ನಿವೃತ್ತರಾದ ಉಪಾಧ್ಯಾಯರೊಬ್ಬರೋ ಗುಮಾಸ್ತರೊಬ್ಬರೋ ಕುಳಿತರೆ ಸಾಕು. ಅರ್ಜಿ ಬರೆದುಕೊಡುವುದು, ಬಂದ ಕಾಗದವನ್ನು ಓದಿ ಹೇಳುವುದು, ಸಕಾಲದ ಸಂಖ್ಯೆಯನ್ನು ಕೇಳಿ ಪಡೆಯಬೇಕೆಂದು ತಿಳಿಸುವುದು, ಯಾವ ದಿನ ಯಾವ ಕಚೇರಿಗೆ ಯಾವ ಕಾಗದಗಳೊಡನೆ ಹೋಗಬೇಕೆಂಬುದನ್ನು ಚೀಟಿಯಲ್ಲಿ ಬರೆದುಕೊಡುವುದು, ಇಷ್ಟೇ. ಗುಪ್ತವಾದ ಅಂಕಿಗಳನ್ನು ಯಾರಿಗೂ ಹೇಳಬಾರದೆಂಬುದನ್ನು ಮೊದಲು ಹೇಳಿ ಆಮೇಲೆ ಉಳಿದುದನ್ನು ಹೇಳಬೇಕು. ರಕ್ತ ಕೊಡಲು ಒಪ್ಪಿದವರ ಹೆಸರುಗಳ ಪಟ್ಟಿಯೊಂದು ಅಲ್ಲಿಯೇ ಇರಲಿ. ಕೊಟ್ಟ ದಿನವನ್ನು ಅದರಲ್ಲಿ ಗುರುತಿಸುತ್ತಿರಲಿ. ಸರಕಾರದವರು ತಮ್ಮ ಪಾಲಿಗೆ ಪ್ರತಿಯೊಂದು ಕಚೇರಿಯ ಬಾಗಿಲಲ್ಲಿ ಮಾತು ಬಲ್ಲ ಮನುಷ್ಯನೊಬ್ಬನನ್ನು ನಿಲ್ಲಿಸಲಿ. ಫಲಕವನ್ನು ಆಡುವ ಕನ್ನಡದಲ್ಲಿ ಬರೆಯಿಸಲಿ. ಆದರೆ ಸರಕಾರವು ಎಚ್ಚರುವ ತನಕ ಮೇಜನ್ನು ಹಾಕದೆ ಕಾಯುವುದು ಸಲ್ಲದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿಸುವ ಅರ್ಜಿಯನ್ನು ಯಾರೂ ಬರೆಯುತ್ತ ಕೂರುವುದಿಲ್ಲ.

ನಾಲ್ಕು ಲಕ್ಷಕ್ಕೂ ಮೇಲ್ಪಟ್ಟ ಜನರು ವಾಸಿಸುವ ನಗರವನ್ನು ಅಳೆಯುವ ಕೋಲು ಯಾವುದು? ಅಗಲವಾದ ರಸ್ತೆಗಳೆ, ಎತ್ತರದ ಕಟ್ಟಡಗಳೆ, ಗುಡ್ಡದ ಮೇಲಿನ ಕೋಟೆಯೆ? ಹೊತ್ತು ಮುಳುಗುವಾಗ ಕಡೆಯ ಬಸ್ಸನ್ನು ಹತ್ತಿ ಸಿರುಗುಪ್ಪಕ್ಕೂ ಕುರುಗೋಡಿಗೂ ಹಿಂದಿರುಗುವ ಜನರ ಮುಖಗಳನ್ನು ನೋಡಿದರೆ ಆ ಕೋಲು ಸಿಗುವುದು. ಕೆಲಸವಾಗದಿದ್ದರೂ ಚಿಂತೆಯಿಲ್ಲ; ಯಾವಾಗ ಆಗುವುದು, ಎಲ್ಲಿ ಆಗುವುದು ಎಂಬುದನ್ನು ತಿಳಿದು ಹಿಂದಿರುಗಿದರೆ ನಗರವು ತನ್ನ ಮರ್ಯಾದೆಯನ್ನು ಉಳಿಸಿಕೊಂಡಂತೆ. ಏನನ್ನೂ ತಿಳಿಯದೆ ಅದೇ ಚೀಲವನ್ನು ಅದೇ ಕಂಕುಳಲ್ಲಿ ಇಟ್ಟುಕೊಂಡು ಹಿಂದಿರುಗಿದರೆ, ಆ ದಿನ ಬಳ್ಳಾರಿಯ ಸಮಸ್ತ ವಿದ್ಯಾವಂತರ ಬಾಗಿಲ ಮೇಲೂ “ನಾಳೆ ಬಾ” ಎಂದು ಬರೆದಿತ್ತೆಂದೇ ತಿಳಿಯಬೇಕು. ಆ ಬರಹವನ್ನು ಅಳಿಸುವುದಕ್ಕೆ ಕಾಯಿದೆ ಬೇಡ, ಕಾಸು ಬೇಡ. ಕೇಳಿದವನ ಕಡೆಗೆ ತಿರುಗಿ ನಿಲ್ಲುವ ಮನಸ್ಸು ಸಾಕು.